ಬಿಂಬ ಮನೆಗೆ, ಶಿಲೆ ಊರಿಗೆ

ತಾಂಡೂರು ಸೀಮೆಯ ಯಾಲಾಲಿನಲ್ಲಿ ಈ ದತ್ತಿ ಉಪನ್ಯಾಸಕ್ಕೆ ನಾನು ಆರಿಸಿಕೊಂಡ ಪ್ರಶ್ನೆ ಕೇಳುವುದಕ್ಕೆ ಸಣ್ಣದು. ಹಳೆಯ ಜಿನಶಿಲ್ಪವೊಂದನ್ನು ಮನೆಯಲ್ಲಿ ಕಲಾಕೃತಿಯೆಂದು ಇಟ್ಟುಕೊಳ್ಳಬಹುದೇ? ದೊಡ್ಡ ನಗರಗಳ ಮನೆಗಳಲ್ಲಿ, ಹೋಟೆಲುಗಳ ಮುಂಗೋಣೆಗಳಲ್ಲಿ ಧ್ಯಾನಸ್ಥ ತೀರ್ಥಂಕರನ ಮೇಲೆ ದೀಪದ ಬೆಳಕು ಬೀಳಿಸಿ ನಿಲ್ಲಿಸುವುದು ಈಚಿನ ಅಭಿರುಚಿ. ಇದಕ್ಕೆ ಸಿಗುವ ಉತ್ತರಗಳು ಸಾಮಾನ್ಯವಾಗಿ ಎರಡು. ಸೌಂದರ್ಯ ಯಾರ ಸ್ವತ್ತೂ ಅಲ್ಲ, ಪ್ರೀತಿಯಿಂದ ಇಟ್ಟುಕೊಂಡರೆ ತಪ್ಪೇನು ಎನ್ನುವವರು ಒಂದು ಕಡೆ. ದೇವರನ್ನು ಸೋಫಾದ ಪಕ್ಕ ಇಡುವುದೇ ಅಪಚಾರ ಎನ್ನುವವರು ಇನ್ನೊಂದು ಕಡೆ. ಪರಸ್ಪರ ವಿರುದ್ಧವಾಗಿ ಕಾಣುವ ಈ ಇಬ್ಬರೂ ಒಂದು ವಿಷಯದಲ್ಲಿ ಒಮ್ಮತದವರು: ಶಿಲ್ಪದ ರೂಪವನ್ನೂ ಅದರ ಹಳತನವನ್ನೂ ಅವರು ಬಿಡಿಸಿ ನೋಡುವುದಿಲ್ಲ. ನನ್ನ ವಾದ ಅವೆರಡನ್ನೂ ಬಿಡಿಸುವುದರಿಂದ ಶುರುವಾಗುತ್ತದೆ. ಜಿನನ ರೂಪಕ್ಕೆ ಮನೆಯಲ್ಲಿ ಹಳೆಯ ಹಕ್ಕಿದೆ. ಹಳೆಯ ಶಿಲೆಯ ಮೇಲೆ ಮನೆಗೆ ಹಕ್ಕಿಲ್ಲ, ಅದು ಊರಿನದು. ಈ ವಿಂಗಡಣೆಯನ್ನು ನಾನು ಹೊಸದಾಗಿ ಹುಟ್ಟಿಸುತ್ತಿಲ್ಲ. ಇಂದು ತೆಲಂಗಾಣ ಎನ್ನುವ ಇದೇ ನೆಲದಲ್ಲಿ, ಸಾವಿರ ವರ್ಷಗಳ ಹಿಂದೆ ಬರೆದ ಗ್ರಂಥಗಳಲ್ಲೂ ಹೊಯ್ಸಿದ ಶಾಸನಗಳಲ್ಲೂ ಅದಕ್ಕೆ ಆಧಾರವಿದೆ.

ಈ ಮಾತನ್ನು ಬೆಂಗಳೂರಿನಲ್ಲಿ ಆಡುವುದಕ್ಕಿಂತ ಇಲ್ಲಿ ಆಡುವುದು ಹೆಚ್ಚು ಸರಿ. ವಿಕಾರಾಬಾದಿನ ಗುಡ್ಡಗಳಲ್ಲಿ ಹುಟ್ಟುವ ಕಾಗಿಣಾ ತಾಂಡೂರನ್ನು ದಾಟಿ ಸೇಡಂ ಸೀಮೆಗೆ ಇಳಿದು ಮಳಖೇಡದ ಕೋಟೆಯ ಪಕ್ಕದಲ್ಲೇ ಹರಿಯುತ್ತದೆ. ಆ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಅಮೋಘವರ್ಷ ನೃಪತುಂಗನ ಕಾಲದ ರಾಜಧಾನಿಗೂ ಈ ಊರುಗಳಿಗೂ ನಡುವೆ ಇದ್ದದ್ದು ಒಂದು ಹೊಳೆಯ ದಾರಿ ಮಾತ್ರ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಗುಲಬರ್ಗಾ ಜಿಲ್ಲೆಯ ತಾಂಡೂರು, ಕೊಡಂಗಲ್ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಬೀದರ್ ಜಿಲ್ಲೆಯ ನಾರಾಯಣಖೇಡ ಮತ್ತು ಜಹೀರಾಬಾದಿನ ಬಹುಪಾಲು ಮೆದಕ್ ಜಿಲ್ಲೆಗೆ ಸೇರಿದವು. ಜನರ ಮಾತು ಗೆರೆ ಎಳೆದ ಕಡೆ ನಿಲ್ಲಲಿಲ್ಲ. ಹಳೆಯ ಬಸದಿಗಳ ಅವಶೇಷಗಳೂ ನಿಲ್ಲಲಿಲ್ಲ. ಆದರೆ ಅವುಗಳ ದಾಖಲೆ ಮಾತ್ರ ಗೆರೆಯ ಆಚೆ ಒಂದಷ್ಟು, ಈಚೆ ಒಂದಷ್ಟು ಎಂದು ಹರಿದುಹೋಯಿತು. ಹೀಗೆ ದಾಖಲೆ ತೆಳುವಾದ ಗಡಿಯಲ್ಲೇ ವಿಗ್ರಹ ಸುಲಭವಾಗಿ ಕಾಣೆಯಾಗುವುದು. ಹಾಗಾಗಿ ನಮ್ಮ ಪ್ರಶ್ನೆ ಅಭಿರುಚಿಯದಷ್ಟೇ ಅಲ್ಲ, ಈ ಸೀಮೆಯ ನೆನಪಿನದೂ ಹೌದು.

ಮೊದಲು ಮನೆಯ ಕಡೆಯ ಸಾಕ್ಷ್ಯ ನೋಡೋಣ, ಏಕೆಂದರೆ ಅದು ಸಾಕಷ್ಟಿದೆ. ಜೈನ ವಿಗ್ರಹವೆಂದರೆ ಶ್ರವಣಬೆಳಗೊಳದ ಬೆಟ್ಟದ ಮೇಲಿನ ಗೊಮ್ಮಟ ಎಂದು ನಮ್ಮ ಕಣ್ಣು ಪಳಗಿಬಿಟ್ಟಿದೆ. ಅದೇ ಬಾಹುಬಲಿಯನ್ನು ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದಾಗಿ ಎರಕ ಹೊಯ್ದವರೂ ಕನ್ನಡ ನಾಡಿನವರೇ. ಬಾದಾಮಿ ಚಾಲುಕ್ಯರ ಕಾಲದ್ದೆಂದು ಎಣಿಸುವ ಅಂಥ ಒಂದು ಕಿರುಪ್ರತಿಮೆ ಇಂದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿದೆ. ಶ್ರವಣಬೆಳಗೊಳದಿಂದ ಬಂದದ್ದೆನ್ನುವ ಇನ್ನೊಂದು, ಅದಕ್ಕಿಂತ ದೊಡ್ಡದು, ಮುಂಬಯಿಯ ಸಂಗ್ರಹಾಲಯದಲ್ಲಿದೆ. ಮಳಖೇಡದ ನೇಮಿನಾಥ ಬಸದಿಯಲ್ಲಿ ಅಂತಸ್ತು ಅಂತಸ್ತಾಗಿ ಏರುವ ಕಂಚಿನ ಚೈತ್ಯವೊಂದಿದೆ. ಅದರ ಮೈತುಂಬ 96 ಜಿನಬಿಂಬಗಳು, ಅಂದರೆ ಇಪ್ಪತ್ತನಾಲ್ಕರ ನಾಲ್ಕು ಪಟ್ಟು. ಒಂದು ಇಡೀ ಬಸದಿಯ ಕಲ್ಪನೆಯನ್ನು ಎತ್ತಿ ಒಯ್ಯಬಹುದಾದ ಅಳತೆಗೆ ಇಳಿಸಿದ ಕೆಲಸ ಅದು. ಇಂಥ ಕೆಲಸಕ್ಕೆ ಬೇಕಾದ ತಾಂತ್ರಿಕ ತಿಳಿವಳಿಕೆಯೂ ದೂರದ್ದಲ್ಲ. ಜಹೀರಾಬಾದಿನ ಪಡುವಲಿಗಿರುವ ಕಲ್ಯಾಣದಲ್ಲಿ ಆಳಿದ ಮೂರನೆಯ ಸೋಮೇಶ್ವರ ಸುಮಾರು 1130ರಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮೇಣದ ಅಚ್ಚಿನಿಂದ ಪ್ರತಿಮೆ ಹೊಯ್ಯುವ ಕ್ರಮ ವಿವರವಾಗಿದೆ. ಮೊದಲು ಮೇಣದಲ್ಲಿ ರೂಪ ತಿದ್ದಬೇಕು, ಅದರ ಮೇಲೆ ನುಣುಪು ಮಣ್ಣನ್ನು ಪದರಪದರವಾಗಿ ಮೆತ್ತಿ ನೆರಳಲ್ಲಿ ಒಣಗಿಸಬೇಕು, ಕಾಯಿಸಿ ಮೇಣ ಕರಗಿಸಿ ಹೊರಬಿಡಬೇಕು, ಆ ಪೊಳ್ಳಿಗೆ ಲೋಹ ಸುರಿಯಬೇಕು. ಮೇಣದ ತೂಕಕ್ಕೆ ಹಿತ್ತಾಳೆ ಎಂಟು ಪಟ್ಟು, ಬೆಳ್ಳಿ ಹನ್ನೆರಡು, ಚಿನ್ನ ಹದಿನಾರು ಎಂಬ ಲೆಕ್ಕವೂ ಅಲ್ಲಿದೆ. ಒಬ್ಬ ಅರಸ ತನ್ನ ವಿಶ್ವಕೋಶದಲ್ಲಿ ತೂಕದ ಲೆಕ್ಕ ಬರೆಯಬೇಕಾದರೆ ಆ ಕಸುಬು ಅವನ ಸೀಮೆಯಲ್ಲಿ ನಿತ್ಯ ನಡೆಯುತ್ತಿದ್ದಿರಬೇಕು.

ಅತ್ತಿಮಬ್ಬೆಯ ಹೆಸರು ಇಲ್ಲಿ ಬರಲೇಬೇಕು. ಲಕ್ಕುಂಡಿಯ ಬ್ರಹ್ಮಜಿನಾಲಯವನ್ನು ಕಟ್ಟಿಸಿದ, ರನ್ನನಿಂದ ಅಜಿತಪುರಾಣ ಬರೆಯಿಸಿದ ಈ ಮಹಿಳೆ ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬುದು ಶಾಲೆಯ ಮಕ್ಕಳಿಗೂ ಗೊತ್ತು. ಅದೇ ಕೀರ್ತಿಪರಂಪರೆ ಆಕೆ ಚಿನ್ನದ, ರತ್ನದ 1500 ಜಿನಬಿಂಬಗಳನ್ನೂ ಮಾಡಿಸಿದಳೆನ್ನುತ್ತದೆ. ಸಾಹಿತ್ಯದ ಚರಿತ್ರೆ ಓಲೆಗರಿಯ ಪ್ರತಿಗಳನ್ನು ಹಿಡಿದು ಸಂಭ್ರಮಿಸಿ ಬಿಂಬಗಳ ವಿಷಯವನ್ನು ಅಡಿಗೆರೆಯಿಲ್ಲದೆ ದಾಟಿಹೋಗುತ್ತದೆ. ಕಲೆಯ ಚರಿತ್ರೆಗೆ ಎರಡನೆಯದೇ ದೊಡ್ಡ ಸುದ್ದಿ. ಒಂದೂವರೆ ಸಾವಿರ ಬಿಂಬಗಳನ್ನು ಗರ್ಭಗೃಹದ ಮೂಲನಾಯಕನಷ್ಟು ದೊಡ್ಡದಾಗಿ ಹೊಯ್ಯಲು ಯಾವ ಭಂಡಾರಕ್ಕೂ ಸಾಧ್ಯವಿಲ್ಲ. ಅವು ಚಿಕ್ಕವೇ ಇರಬೇಕು, ಮತ್ತು ಅಷ್ಟು ಸಂಖ್ಯೆಯಲ್ಲಿ ಮಾಡಿಸಿದ್ದು ಹಂಚುವುದಕ್ಕೇ ಇರಬೇಕು ಎಂದು ನಾನು ಊಹಿಸುತ್ತೇನೆ. ಓಲೆಗರಿಯ ಗ್ರಂಥವನ್ನೂ ಬಿಂಬವನ್ನೂ ಒಂದೇ ಮನಸ್ಸು ಒಂದೇ ರೀತಿ ನೋಡಿದೆ. ಎರಡನ್ನೂ ಪ್ರತಿ ಮಾಡಬಹುದು, ಪ್ರತಿ ಮಾಡಿದರೆ ಮೂಲದ ಮಹಿಮೆ ತಗ್ಗುವುದಿಲ್ಲ, ಹೆಚ್ಚು ಮನೆಗಳಿಗೆ ತಲುಪುತ್ತದೆ. ಈ ಅಂಶವನ್ನು ನೆನಪಿಟ್ಟುಕೊಳ್ಳಿ, ಮುಂದೆ ಇದರ ಮೇಲೇ ನನ್ನ ವಾದ ನಿಲ್ಲುತ್ತದೆ.

ಮನೆಗೆ ಎಂಥ ಬಿಂಬ ಸಲ್ಲುತ್ತದೆ ಎಂಬುದನ್ನು ಶಾಸ್ತ್ರಗಳೂ ಅಳೆದಿಟ್ಟಿವೆ. ಹೆಬ್ಬೆರಳ ಗೆಣ್ಣಿನಿಂದ ಒಂದು ಗೇಣಿನವರೆಗಿನ ಪ್ರತಿಮೆ ಮನೆಗೆ ಎಂದು ಮತ್ಸ್ಯಪುರಾಣ ಹೇಳಿದರೆ, ಜೈನನೇ ಆದ ಠಕ್ಕುರ ಫೇರು 1315ರ ವಾಸ್ತುಸಾರದಲ್ಲಿ ಒಂದರಿಂದ ಹನ್ನೊಂದು ಅಂಗುಲದವರೆಗಿನದನ್ನು ಮನೆಗೆ, ಅದಕ್ಕೂ ದೊಡ್ಡದನ್ನು ದೇಗುಲಕ್ಕೆ ಎನ್ನುತ್ತಾನೆ. ಫೇರು ದಿಲ್ಲಿಯ ಸುಲ್ತಾನರ ಟಂಕಸಾಲೆಯಲ್ಲಿ ಅಧಿಕಾರಿಯಾಗಿದ್ದವನು. ಅಳತೆ, ತೂಕ ಅವನಿಗೆ ಹೊಟ್ಟೆಪಾಡು. ಅಳತೆಯ ನಿಯಮದ ಹಿಂದೆ ಒಂದು ವಿವೇಕವಿದೆ. ದೊಡ್ಡ ಬಿಂಬ ದಿನಕ್ಕಿಷ್ಟು ಅಭಿಷೇಕ, ಇಷ್ಟು ಪರಿಚಾರಕರು, ಇಷ್ಟು ಭೂಮಿ ಬೇಡುತ್ತದೆ. ಅದನ್ನು ಒಂದು ಸಂಸಾರ ತಲೆಮಾರುಗಟ್ಟಲೆ ಹೊರಲಾರದು. ಹನ್ನೊಂದು ಅಂಗುಲದ ಬಿಂಬವನ್ನು ಹೊರಬಲ್ಲದು. ಅಲ್ಲದೆ ಹಾಗೆ ಮನೆಗೆ ಬಂದ ಬಿಂಬವೂ ಮನೆಯಲ್ಲೇ ಜಡವಾಗಿ ಕೂರುತ್ತಿರಲಿಲ್ಲ. ಅನಂತನ ನೋಂಪಿ, ನಂದೀಶ್ವರ ನೋಂಪಿ ಮುಂತಾದ ವ್ರತಗಳ ಉದ್ಯಾಪನೆಗೆ ಬಿಂಬ ಮಾಡಿಸಿ ಬಸದಿಗೆ, ಮಠಕ್ಕೆ ಒಪ್ಪಿಸುವುದು ವಾಡಿಕೆಯಾಗಿತ್ತು. ಶ್ರವಣಬೆಳಗೊಳದ ಮಠದಲ್ಲಿರುವ ಕೆಲವು ಲೋಹದ ಬಿಂಬಗಳ ಮೇಲೆ ಗ್ರಂಥ ಲಿಪಿಯ ಬರಹಗಳಿವೆ. 19ನೇ ಶತಮಾನದ ನಡುವಿನಲ್ಲಿ ತಂಜಾವೂರು, ಕುಂಭಕೋಣದ ಕಡೆಯ ಶ್ರಾವಕರು, ಅಂದರೆ ಜೈನ ಗೃಹಸ್ಥರು, ಕಳಿಸಿಕೊಟ್ಟವು ಅವು. ಬಿಂಬ ಊರಿಂದೂರಿಗೆ ಹೋಗುತ್ತಿತ್ತು ಎನ್ನುವುದಕ್ಕೆ ಇದು ಸಾಕ್ಷಿ. ಆದರೆ ಹೋಗುತ್ತಿದ್ದದ್ದು ದಾನವಾಗಿ, ಕೊಟ್ಟವರ ಹೆಸರನ್ನು ಪೀಠದ ಮೇಲೆ ಹೊತ್ತುಕೊಂಡು, ಒಬ್ಬರ ಕೈಯಿಂದ ಹೆಚ್ಚು ಜನರ ಕಣ್ಣಿನ ಕಡೆಗೆ. ಇಂದಿನ ಮಾರುಕಟ್ಟೆಯಲ್ಲಿ ಶಿಲ್ಪ ಹೋಗುವ ದಿಕ್ಕು ತಿರುಗಾಮುರುಗಾ: ಎಲ್ಲರೂ ಕಾಣುವಲ್ಲಿಂದ ಒಬ್ಬನ ಗೋಡೆಗೆ, ಹೆಸರನ್ನು ಅಳಿಸಿಕೊಂಡು.

ಇನ್ನು ಬಸದಿಯ ಕಲ್ಲಿನ ಬಿಂಬ. ಅದರ ಒಡೆಯರು ಯಾರಾಗಿದ್ದರು? ಈ ಸೀಮೆಯ ಶಾಸನಗಳು ಇದಕ್ಕೆ ಸ್ಪಷ್ಟ ಉತ್ತರ ಕೊಡುತ್ತವೆ. ಪಿ.ಬಿ. ದೇಸಾಯಿಯವರು ದಕ್ಷಿಣ ಭಾರತದ ಜೈನಧರ್ಮವನ್ನು ಕುರಿತ ತಮ್ಮ 1957ರ ಗ್ರಂಥದಲ್ಲಿ ಕಲಬುರಗಿ ಭಾಗದ ಹಲವು ಜೈನ ಶಾಸನಗಳನ್ನು ಬೆಳಕಿಗೆ ತಂದರು. ಅವುಗಳಲ್ಲಿ ಸೇಡಂನ ಶಾಸನ ನನಗೆ ಬಹಳ ಇಷ್ಟ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಅಲ್ಲಿ ಶಾಂತಿನಾಥನ ಬಸದಿ ಕಟ್ಟಿಸಿದವರು ಊರಿನ ಮುನ್ನೂರು ಮಹಾಜನರು. ಮಹಾಜನರೆಂದರೆ ಅಗ್ರಹಾರದ ವೈದಿಕ ಬ್ರಾಹ್ಮಣರು. ತಮ್ಮ ಮತದ್ದಲ್ಲದ ದೇವರಿಗೆ ಊರು ಊರಾಗಿ ನಿಂತು ಮನೆ ಕಟ್ಟಿಸಿತು. ಆ ಬಸದಿಯ ಬಿಂಬವನ್ನು ಇದು ಜೈನರದು ಎನ್ನುವುದೂ ಅರ್ಧ ಸತ್ಯವೇ, ಅದು ಸೇಡಂನದು. ಇದಕ್ಕೂ ಹಿಂದೆ, 966ರ ಪರಭಣಿ ತಾಮ್ರಪಟದಲ್ಲಿ ವೇಮುಲವಾಡದ ಚಾಲುಕ್ಯ ಮೂರನೆಯ ಅರಿಕೇಸರಿ ತನ್ನ ತಂದೆ ಬದ್ದೆಗ ಕಟ್ಟಿಸಿದ ಶುಭಧಾಮ ಜಿನಾಲಯಕ್ಕೆ ಒಂದು ಗ್ರಾಮವನ್ನೇ ಬಿಟ್ಟುಕೊಡುತ್ತಾನೆ. ಯಾವುದಕ್ಕೆ? ಒಡೆದು ಬಿರಿದದ್ದನ್ನು ಸರಿಪಡಿಸಲು, ಹೊಸದಾಗಿ ಸುಣ್ಣಗಾರೆ ಮಾಡಲು, ಪೂಜೆ ನೈವೇದ್ಯ ನಡೆಸಲು. ಕಲ್ಲು ಸವೆಯುತ್ತದೆ, ಗಾರೆ ಉದುರುತ್ತದೆ ಎಂದು ಮೊದಲೇ ತಿಳಿದು ದುರಸ್ತಿಗೆ ಕಾಯಂ ಆದಾಯ ಕಟ್ಟಿಟ್ಟ ವ್ಯವಸ್ಥೆ ಅದು. ಒಂದು ಇಡೀ ಹಳ್ಳಿಯ ಉಳುಮೆ ಆ ಬಿಂಬಗಳ ಹಿಂದೆ ನಿಂತಿತ್ತು. ಆ ಉಳುಮೆಯ ಋಣವನ್ನು ಬಿಟ್ಟು ಬಿಂಬವನ್ನಷ್ಟೇ ಎತ್ತಿಕೊಂಡು ಹೋಗುವವನು ಅರ್ಧ ವಸ್ತುವನ್ನು ಒಯ್ಯುತ್ತಾನೆ.

ಆ ತಾಮ್ರಪಟದ ದಾನವನ್ನು ಸ್ವೀಕರಿಸಿದ ಸೋಮದೇವ ಸೂರಿಯೇ ನಮ್ಮ ಪ್ರಶ್ನೆಗೆ ಅತಿ ಹತ್ತಿರದ ಉತ್ತರ ಬರೆದವನು. 959ರಲ್ಲಿ, ಇಂದಿನ ಕರೀಂನಗರ ಜಿಲ್ಲೆಯ ಗಂಗಾಧರದಲ್ಲಿ ಅವನು ಯಶಸ್ತಿಲಕವನ್ನು ಮುಗಿಸಿದ. ಅದರ ಕೊನೆಯ ಭಾಗಗಳು ಗೃಹಸ್ಥನ ಆಚಾರವನ್ನು ಕುರಿತವು. ಅಲ್ಲಿ ಪೂಜೆ ಮಾಡುವವರಲ್ಲಿ ಅವನು ಎರಡು ಬಗೆ ಕಾಣುತ್ತಾನೆ: ಹೂವು, ಎಲೆಯಂಥ ಸರಳ ವಸ್ತುವಿನಲ್ಲೇ ಜಿನನನ್ನು ಭಾವಿಸಿಕೊಳ್ಳುವವರು ಮತ್ತು ಪ್ರತಿಮೆಯನ್ನು ಹಿಡಿದು ಪೂಜಿಸುವವರು. ಎರಡೂ ಅವನಿಗೆ ಒಪ್ಪಿಗೆಯೇ. ಇನ್ನೊಂದು ಕಡೆ, ತನ್ನ ಕಾಲದ ಮುನಿಗಳು ಹಿಂದಿನವರಷ್ಟು ಶ್ರೇಷ್ಠರಲ್ಲದಿದ್ದರೂ ಗೌರವಕ್ಕೆ ಏಕೆ ಅರ್ಹರು ಎಂದು ಹೇಳುವಾಗ ಅವನು ಬಿಂಬದ ನಿದರ್ಶನ ಕೊಡುತ್ತಾನೆ. ಗಾರೆಯಲ್ಲೋ ಮತ್ತೊಂದರಲ್ಲೋ ಮಾಡಿದ ಜಿನರೂಪ ಹೇಗೆ ಪೂಜ್ಯವೋ ಹಾಗೆ ಪೂರ್ವಮುನಿಗಳ ಛಾಯೆ ಹೊತ್ತ ಇಂದಿನವರೂ ಪೂಜ್ಯರು ಎಂಬುದು ಅವನ ತರ್ಕ. ಈ ತರ್ಕ ಎಲ್ಲಿ ನಿಂತಿದೆ ಗಮನಿಸಿ. ಗೌರವ ಸಲ್ಲುತ್ತಿರುವುದು ರೂಪಕ್ಕೆ. ದ್ರವ್ಯ ಗಾರೆಯಾದರೂ ನಡೆಯುತ್ತದೆ, ಇಂದು ಮಾಡಿದ್ದಾದರೂ ನಡೆಯುತ್ತದೆ. ಜೈನ ತತ್ತ್ವಕ್ಕೆ ಇದು ಸಹಜವೂ ಹೌದು. ಮುಕ್ತನಾದ ಜಿನ ಲೋಕದ ಶಿಖರ ಸೇರಿದವನು. ಅವನು ಕಲ್ಲಿನೊಳಗೆ ಬಂದು ನೆಲೆಸುವುದಿಲ್ಲ, ಬೇಡಿದ್ದನ್ನು ಕೊಡುವುದಿಲ್ಲ. ಬಿಂಬ ಅವನನ್ನು ನೆನೆಯುವುದಕ್ಕೆ, ಅವನಂತಾಗಲು ಹಂಬಲಿಸುವುದಕ್ಕೆ ಒಂದು ಆಸರೆ. ಹೀಗಿರುವಾಗ ಹತ್ತನೆಯ ಶತಮಾನದ ಶಿಲೆ ನಿನ್ನೆ ಮಾಡಿದ ಶಿಲೆಗಿಂತ ಹೆಚ್ಚು ಪವಿತ್ರ ಎನ್ನಲು ಈ ತರ್ಕದಲ್ಲಿ ಜಾಗವಿಲ್ಲ. ಮಾರುಕಟ್ಟೆ ಯಾವುದಕ್ಕೆ ಲಕ್ಷಗಟ್ಟಲೆ ಬೆಲೆ ಕಟ್ಟುತ್ತದೋ ಆ ಹಳತನಕ್ಕೆ ಸೋಮದೇವ ಸೊನ್ನೆ ಹಾಕುತ್ತಾನೆ.

ವಿದ್ವಾಂಸರಾದವರು ಇಲ್ಲಿ ನನ್ನನ್ನು ಹಿಡಿಯಬಹುದು. ಅದೇ ವಾಸ್ತುಸಾರದಲ್ಲಿ, ನೂರು ವರ್ಷ ದಾಟಿದ, ಮಹನೀಯರು ಪ್ರತಿಷ್ಠೆ ಮಾಡಿದ ಬಿಂಬ ಊನವಾಗಿದ್ದರೂ ಪೂಜೆಗೆ ಸಲ್ಲುತ್ತದೆ ಎಂದಿದೆಯಲ್ಲ, ಹಳತನಕ್ಕೆ ಬೆಲೆಯಿಲ್ಲ ಎನ್ನುವುದು ಹೇಗೆ? ನ್ಯಾಯವಾದ ಆಕ್ಷೇಪ. ಆದರೆ ಆ ನಿಯಮ ಹಳತನಕ್ಕೆ ಕೊಡುವ ಬೆಲೆ ಯಾವ ಬಗೆಯದು? ಎಲ್ಲೋ ಮುಕ್ಕಾಯಿತೆಂದು ಪೂಜೆ ನಿಲ್ಲಿಸಿ ನೀರಿಗೆ ಬಿಡಬೇಡಿ, ಇಷ್ಟು ತಲೆಮಾರು ಕೈಮುಗಿದ ಬಿಂಬ ಇದ್ದಲ್ಲೇ ಮುಂದುವರಿಯಲಿ ಎಂಬುದು ಅದರ ಆಶಯ. ಹಳತನ ಅಲ್ಲಿ ಬಿಂಬವನ್ನು ಅದರ ಜಾಗಕ್ಕೆ, ಅದರ ಜನಕ್ಕೆ ಇನ್ನಷ್ಟು ಬಿಗಿಯುತ್ತದೆಯೇ ಹೊರತು ಕಿತ್ತು ಒಯ್ಯಲು ಪರವಾನಗಿ ಆಗುವುದಿಲ್ಲ. ಕಾಕತಾಳೀಯವಾಗಿ, ನಮ್ಮ ಸಂಸತ್ತು 1972ರಲ್ಲಿ ಮಾಡಿದ ಪುರಾತನ ವಸ್ತುಗಳ ಕಾಯ್ದೆಯೂ ಶಿಲ್ಪಗಳಿಗೆ ಅದೇ ನೂರು ವರ್ಷದ ಗೆರೆ ಎಳೆದಿದೆ.

ಈಗ ರೂಪದ ಬಗ್ಗೆ ಎರಡು ಮಾತು. ಅರ್ಹಂತನ ಪ್ರತಿಮೆ ಹೇಗಿರಬೇಕೆಂದು ವರಾಹಮಿಹಿರ ಆರನೆಯ ಶತಮಾನದಲ್ಲೇ ಹೇಳಿದ್ದಾನೆ: ಮೊಣಕಾಲು ಮುಟ್ಟುವ ತೋಳು, ಎದೆಯ ಮೇಲೆ ಶ್ರೀವತ್ಸ, ಪ್ರಶಾಂತ ಮುಖ, ಬತ್ತಲೆ, ತರುಣ, ಚೆಲುವ. ಆಯುಧವಿಲ್ಲ, ಮುದ್ರೆಗಳ ವೈವಿಧ್ಯವಿಲ್ಲ, ಕಥೆಯ ಘಟನೆಯಿಲ್ಲ. ನಿಂತರೆ ಕಾಯೋತ್ಸರ್ಗ, ಕೂತರೆ ಪದ್ಮಾಸನ. ಶಿಲ್ಪಿಗೆ ಇಷ್ಟು ಕಡಿಮೆ ಬಿಟ್ಟುಕೊಟ್ಟ ಇನ್ನೊಂದು ವಿಗ್ರಹಪರಂಪರೆ ನಮ್ಮಲ್ಲಿಲ್ಲ, ಆ ಕಡಿಮೆಯಲ್ಲೇ ಕೆಲವರು ದೊಡ್ಡದನ್ನು ಮಾಡಿದರು. ಶಿವನೋ ದುರ್ಗೆಯೋ ಎದುರಿಗಿದ್ದವನನ್ನು ನೋಡುತ್ತಾರೆ. ಜಿನನ ಅರೆಮುಚ್ಚಿದ ಕಣ್ಣಿಗೆ ನಾವು ಇದ್ದೇವೋ ಇಲ್ಲವೋ ಒಂದೇ. ಒಳಾಂಗಣ ಅಲಂಕಾರದವರಿಗೆ ಈ ರೂಪ ಹಿಡಿಸಿರುವುದೂ ಇದಕ್ಕೇ. ಯಾವ ಕೋಣೆಯಲ್ಲೂ ಗದ್ದಲ ಮಾಡದ, ಯಾವ ಬಣ್ಣದ ಗೋಡೆಗೂ ಹೊಂದುವ ಪ್ರಶಾಂತಿ ಅವರಿಗೆ ಬೇಕು. ಅವರ ಕಣ್ಣು ತಪ್ಪಿದೆ ಎನ್ನಲಾರೆ, ಅರ್ಧ ನೋಡಿದೆ ಎನ್ನುತ್ತೇನೆ. ಕಾಯೋತ್ಸರ್ಗವೆಂದರೆ ದೇಹದ ಮೇಲಿನ ಮಮತೆಯನ್ನು ಬಿಟ್ಟು ನಿಲ್ಲುವುದು. ಬತ್ತಲೆಯೂ ಅದೇ ಬಿಡುವಿಕೆಯ ಗುರುತು. ಮನೆ, ಒಡವೆ, ಬಟ್ಟೆ ಎಲ್ಲವನ್ನೂ ಬಿಟ್ಟವನ ರೂಪವನ್ನು ಮನೆಯ ಒಡವೆಗಳ ಸಾಲಿಗೆ ಸೇರಿಸಿದಾಗ ಒಂದು ವ್ಯಂಗ್ಯ ಹುಟ್ಟುತ್ತದೆ. ಹಳೆಯ ಶ್ರಾವಕರಿಗೂ ಈ ವ್ಯಂಗ್ಯ ತಿಳಿದಿತ್ತು. ದೇವಪೂಜೆ, ಸ್ವಾಧ್ಯಾಯ, ಸಂಯಮ, ದಾನ ಮೊದಲಾದ ಷಟ್ಕರ್ಮಗಳ ನಡುವೆ ಬಿಂಬವನ್ನಿಟ್ಟು ಅದನ್ನು ಅವರು ದಿನದಿನವೂ ಎದುರಿಸಿದರು. ಅಷ್ಟನ್ನೂ ಇಂದಿನ ಮನೆಯವರಿಂದ ನಿರೀಕ್ಷಿಸುವುದು ಅತಿಯಾದೀತು. ರೂಪ ಏನನ್ನು ಹೇಳುತ್ತಿದೆ ಎಂಬುದನ್ನಾದರೂ ತಿಳಿದು ಇಟ್ಟುಕೊಂಡರೆ ಸಾಕು, ಆ ತಿಳಿವಳಿಕೆಗೆ ಹೊಸ ಬಿಂಬ ಎಳ್ಳಷ್ಟೂ ಕಡಿಮೆಯಾಗುವುದಿಲ್ಲ.

ಹಾಗಾದರೆ ಹಳೆಯ ಶಿಲೆಯಲ್ಲಿ ಪ್ರತಿಗೆ ಬಾರದೆ ಉಳಿಯುವುದು ಏನು? ನನ್ನ ದೃಷ್ಟಿಯಲ್ಲಿ ಅದು ಸಾಕ್ಷ್ಯ. ಗಂಗಾಧರದ ಹತ್ತಿರದ ಕುರಿಕ್ಯಾಲದ ಬೊಮ್ಮಲಗುಟ್ಟೆಯಲ್ಲಿ ಪಂಪನ ತಮ್ಮ ಜಿನವಲ್ಲಭ ಬಂಡೆಯಲ್ಲಿ ಜಿನಬಿಂಬಗಳನ್ನೂ ಚಕ್ರೇಶ್ವರಿಯನ್ನೂ ಕಡೆಯಿಸಿದ, ಕೆಳಗೆ ಸಂಸ್ಕೃತ, ಕನ್ನಡ, ತೆಲುಗು ಮೂರೂ ಭಾಷೆಗಳಲ್ಲಿ ಶಾಸನ ಹಾಕಿಸಿದ. ಪಂಪನ ತಂದೆ ತಾಯಿ ಯಾರು, ಅವನ ಮನೆತನ ಎಲ್ಲಿಂದ ಬಂತು, ಎರಡನೆಯ ಅರಿಕೇಸರಿ ಅವನಿಗೆ ಏನು ಕೊಟ್ಟ ಎಂಬುದಕ್ಕೆಲ್ಲ ಕಾವ್ಯದ ಹೊರಗಿನ ಸಾಕ್ಷಿ ಸಿಕ್ಕಿದ್ದು ಆ ಬಂಡೆಯಿಂದ. ತೆಲುಗಿನವರಿಗೂ ತಮ್ಮ ಪದ್ಯದ ಪ್ರಾಚೀನತೆಗೆ ಅದೇ ಆಧಾರ. ಶಿಲ್ಪವಾಗಿ ಅಳೆದರೆ ಬೊಮ್ಮಲಗುಟ್ಟೆಯ ಬಿಂಬಗಳು ಸಾಧಾರಣ. ಅವು ಕದಲದ ಬಂಡೆಯಲ್ಲಿದ್ದುದರಿಂದ ಉಳಿದವು. ಬಿಡಿಗಲ್ಲಾಗಿದ್ದು, ಬಿಂಬಗಳನ್ನು ಮಾತ್ರ ಯಾರಾದರೂ ಚೆಂದಕ್ಕೆಂದು ಬೇರ್ಪಡಿಸಿ ಒಯ್ದಿದ್ದರೆ ಪಂಪನ ಮನೆತನದ ಮಾತು ಕಲ್ಲುಪುಡಿಯಾಗುತ್ತಿತ್ತು. ಬಿಡಿಬಿಂಬಗಳ ಪಾಡು ಇದಕ್ಕಿಂತ ನಾಜೂಕು. ದಕ್ಷಿಣದ ಹಳೆಯ ಬಿಂಬಗಳಲ್ಲಿ ಅನೇಕಕ್ಕೆ ತೀರ್ಥಂಕರನನ್ನು ಗುರುತಿಸುವ ಲಾಂಛನವಿರುವುದಿಲ್ಲ. ಹೆಡೆಯಿದ್ದರೆ ಪಾರ್ಶ್ವ ಅಥವಾ ಸುಪಾರ್ಶ್ವ, ಬಳ್ಳಿ ಹಬ್ಬಿದ್ದರೆ ಬಾಹುಬಲಿ. ಉಳಿದವರಲ್ಲಿ ಯಾರೆಂದು ತಿಳಿಯಲು ಅಕ್ಕಪಕ್ಕದ ಯಕ್ಷಯಕ್ಷಿಯರು, ಪೀಠ, ಪೀಠದ ಮೇಲಿನ ಕನ್ನಡ ಅಕ್ಷರಗಳು ಬೇಕು. ಸಾಗಿಸಲು ಭಾರವೆಂದು ಪೀಠವನ್ನು ಬಿಟ್ಟು ಬಿಂಬ ಒಯ್ದರೆ ಜಿನನಿಗೆ ಹೆಸರೇ ಹೋಗುತ್ತದೆ. ತಲೆಯಷ್ಟನ್ನೇ ಕತ್ತರಿಸಿದರೆ ಮತವೂ ಹೋಗುತ್ತದೆ. ಗುಂಗುರು ಕೂದಲಿನ ಜಿನನ ತಲೆ ಬುದ್ಧನ ತಲೆಯೆಂದು ಮಾರಾಟವಾಗಲು ಏನೂ ಅಡ್ಡಿಯಿಲ್ಲ. ನಿಸಿದಿ ಕಲ್ಲುಗಳದಂತೂ ಇನ್ನೂ ಕೆಟ್ಟ ಗತಿ. ಅನ್ನನೀರು ಬಿಟ್ಟು ಸಲ್ಲೇಖನದಿಂದ ದೇಹ ತ್ಯಜಿಸಿದ ಒಬ್ಬ ನಿಜವಾದ ಮನುಷ್ಯನ ಸ್ಮಾರಕವನ್ನು ತೋಟದ ಅಲಂಕಾರಕ್ಕೆ ನಿಲ್ಲಿಸುವವರಿಗೆ ಅದು ಏನೆಂದು ಯಾರೂ ಹೇಳಿರುವುದಿಲ್ಲ.

ಇದೆಲ್ಲ ಸರಿ, ಆದರೆ ಹೊಲದ ಬದುವಿನಲ್ಲಿ ಬಿದ್ದು ಎತ್ತುಗಳ ಕಾಲಿಗೆ ಸಿಗುವ ಬಿಂಬಕ್ಕಿಂತ ಗಾಜಿನ ಹಿಂದೆ ಧೂಳು ಒರೆಸಿಕೊಂಡು ಇರುವ ಬಿಂಬ ಮೇಲಲ್ಲವೇ ಎಂದು ಕೇಳುವವರಿದ್ದಾರೆ. ನನ್ನ ವಾದಕ್ಕೆ ಎದುರಾಗುವ ಅತಿ ಗಟ್ಟಿ ಮಾತು ಇದು. ಬಿದ್ದ ಬಸದಿಗಳು, ಗಿಡಗಂಟಿಯಲ್ಲಿ ಹೂತ ವಿಗ್ರಹಗಳು ಈ ಭಾಗದಲ್ಲಿ ಕಡಿಮೆಯಿಲ್ಲ, ಸರ್ಕಾರದ ಇಲಾಖೆಗಳ ಕೈ ಎಲ್ಲ ಕಡೆ ತಲುಪಿಲ್ಲ. ಒಪ್ಪುತ್ತೇನೆ. ಆದರೂ ಎರಡು ವಿಷಯ ಯೋಚಿಸಬೇಕು. ಒಂದು, ಕೊಳ್ಳುವವನ ಪ್ರೀತಿ ಒಂದು ಬಿಂಬವನ್ನು ಕಾಪಾಡಿದಂತೆ ಕಂಡರೂ ಅವನು ಕೊಟ್ಟ ಹಣ ಇನ್ನೊಂದನ್ನು ಕೀಳಲು ಕರೆ ಕೊಡುತ್ತದೆ. ಹೊಲದಲ್ಲಿ ನೂರಾರು ವರ್ಷ ಬಿದ್ದಿದ್ದ ಕಲ್ಲಿಗೆ ಹಾರೆ ಬೀಳುವುದು ಅದಕ್ಕೆ ಬೆಲೆಯಿದೆ ಎಂಬ ಸುದ್ದಿ ಹಬ್ಬಿದ ದಿನವೇ. ಎರಡು, ಅನಾಥವೆಂದು ನಾವು ಕರೆಯುವ ಬಿಂಬ ಎಷ್ಟೋ ವೇಳೆ ಅನಾಥವಾಗಿರುವುದಿಲ್ಲ. ಕನ್ನಡ ತೆಲುಗು ಹಳ್ಳಿಗಳಲ್ಲಿ ತೀರ್ಥಂಕರ ಬೇರೆ ಹೆಸರಿನ ಗ್ರಾಮದೇವರಾಗಿ ಎಣ್ಣೆ, ಕುಂಕುಮ ಹಚ್ಚಿಸಿಕೊಂಡು ಇರುವುದು ಅಪರೂಪವಲ್ಲ. ಶಾಸ್ತ್ರಜ್ಞರಿಗೆ ಇದು ಅಜ್ಞಾನವಾಗಿ ಕಂಡೀತು, ಜೈನ ಶ್ರಾವಕರಿಗೆ ನೋವೂ ಆದೀತು. ಆದರೆ ಆ ಎಣ್ಣೆ ಕುಂಕುಮವೇ ಸುತ್ತಿಗೆಯಿಂದ ಅದನ್ನು ಉಳಿಸಿದೆ. ಕೊಲನುಪಾಕ ಇನ್ನೊಂದು ದಾರಿ ತೋರಿಸುತ್ತದೆ. ಕಲ್ಯಾಣದ ಚಾಲುಕ್ಯರ ಕನ್ನಡ ಶಾಸನಗಳಿರುವ ಆ ಊರಿನಲ್ಲಿ ಜೈನಮಂದಿರ ಇಂದಿಗೂ ಯಾತ್ರಾಸ್ಥಳ. ಸುತ್ತಮುತ್ತ ಸಿಕ್ಕ ಬಿಡಿಶಿಲ್ಪಗಳನ್ನು ಅಲ್ಲಿಯ ಸೋಮೇಶ್ವರ ದೇವಾಲಯದ ಆವರಣದಲ್ಲೇ ಕೂಡಿಸಿ ಸಂಗ್ರಹಾಲಯ ಮಾಡಿದ್ದಾರೆ. ಜಿನನಿಗೆ ಶಿವನ ಅಂಗಳ ಆಸರೆಯಾಗಿದೆ. ಊರಿನ ಕಲ್ಲು ಊರಿನಲ್ಲೇ ಉಳಿಯಿತು, ಮಳೆಯಿಂದಲೂ ಪಾರಾಯಿತು.

ಮನೆತನದಲ್ಲೇ ತಲೆಮಾರುಗಳಿಂದ ಬಂದ ಹಳೆಯ ಬಿಂಬಗಳ ಮಾತು ಬೇರೆ. ತುಳುನಾಡಿನ ಜೈನ ಮನೆತನಗಳಲ್ಲಿ ಮನೆಯೊಳಗೇ ಚೈತ್ಯಾಲಯಗಳಿವೆ. ಅಲ್ಲಿಯ ಬಿಂಬ ಮನೆಗೆಂದೇ ಹುಟ್ಟಿದ್ದು, ಮನೆಯಲ್ಲೇ ಇರಬೇಕಾದದ್ದು. ಮೇಲೆ ಹೇಳಿದ, 1976ರಲ್ಲಿ ಜಾರಿಗೆ ಬಂದ ಕಾಯ್ದೆಯೂ ಅದನ್ನು ಕಸಿದುಕೊಳ್ಳುವುದಿಲ್ಲ. ನೂರು ವರ್ಷ ಮೀರಿದ ಶಿಲ್ಪವನ್ನು ನೋಂದಾಯಿಸಿ, ಒಡೆತನ ಬದಲಾದರೆ ತಿಳಿಸಿ, ದೇಶದ ಹೊರಗೆ ಕಳಿಸಬೇಡಿ, ಪರವಾನಗಿಯಿಲ್ಲದೆ ವ್ಯಾಪಾರ ಮಾಡಬೇಡಿ ಎನ್ನುತ್ತದೆ, ಅಷ್ಟೆ. ನೆಲ ಅಗೆಯುವಾಗ ಸಿಕ್ಕಿದ್ದಕ್ಕೆ ಇನ್ನೂ ಹಳೆಯದಾದ 1878ರ ನಿಧಿ ಕಾಯ್ದೆ ಇದೆ. ಸಿಕ್ಕವನು ಕಲೆಕ್ಟರಿಗೆ ತಿಳಿಸಬೇಕು. ನೋಂದಣಿಯೆಂದರೆ ಸರ್ಕಾರ ಎತ್ತಿಕೊಂಡು ಹೋಗುತ್ತದೆಂಬ ಭಯ ನಮ್ಮ ಹಳ್ಳಿಗಳಲ್ಲಿದೆ. ಆ ಭಯ ಕಳ್ಳನಿಗೆ ಅನುಕೂಲ, ಏಕೆಂದರೆ ಚಿತ್ರ, ಅಳತೆ ಇಲ್ಲದ ವಿಗ್ರಹ ಕಳುವಾದರೆ ಅದು ನಮ್ಮದೆಂದು ಹೇಳಲೂ ನಮ್ಮ ಕೈಯಲ್ಲಿ ಏನೂ ಇರುವುದಿಲ್ಲ. ವಸ್ತುಸಂಗ್ರಹಾಲಯವೂ ಊರಿನಿಂದ ಒಯ್ಯುತ್ತದಲ್ಲ ಎಂಬ ಮಾತಿಗೂ ದಾಖಲೆಯೇ ಉತ್ತರ. ಪಟ್ಟಂಚೆರುವಿನ ಜಿನಬಿಂಬಗಳು ಹೈದರಾಬಾದಿನ ಸಂಗ್ರಹಾಲಯದಲ್ಲಿವೆ. ಊರಲ್ಲೇ ಇದ್ದಿದ್ದರೆ ನನಗೆ ಹೆಚ್ಚು ಸಂತೋಷವಾಗುತ್ತಿತ್ತು, ಆದರೂ ಫಲಕದ ಮೇಲೆ ಪಟ್ಟಂಚೆರು ಎಂದು ಬರೆದಿದೆ. ಮಾರುಕಟ್ಟೆಯಲ್ಲಿ ಆ ಊರಿನ ಹೆಸರೇ ಮೊದಲು ಅಳಿಯುವುದು.

ಕೊನೆಯ ಆಕ್ಷೇಪ ಶ್ರದ್ಧೆಯ ಕಡೆಯಿಂದ ಬರುತ್ತದೆ. ಹೊಸದಾದರೂ ಸರಿ, ಜಿನಬಿಂಬವನ್ನು ಪೂಜೆಯಿಲ್ಲದೆ ಕಲೆಯೆಂದು ಇಡುವುದೇ ತಪ್ಪು ಎನ್ನುವ ಶ್ರಾವಕರ ನೋವನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಆದರೆ ಅವರ ಸಂಪ್ರದಾಯವೇ ಇಲ್ಲೊಂದು ಗೆರೆ ಎಳೆದಿದೆ. ಪಂಚಕಲ್ಯಾಣ ಪ್ರತಿಷ್ಠೆ ಆಗುವವರೆಗೆ ಬಿಂಬ ಪೂಜಾರ್ಹವಲ್ಲ, ಶಿಲ್ಪಿಯ ಕೆಲಸ ಮಾತ್ರ. ಪ್ರತಿಷ್ಠೆಯಾದದ್ದು ಬಸದಿಗೆ, ಚೈತ್ಯಾಲಯಕ್ಕೆ ಸಲ್ಲಲಿ. ಆಗದ್ದನ್ನು ಜೈನನಲ್ಲದವನೂ ಗೌರವದಿಂದ ಇಟ್ಟುಕೊಳ್ಳಬಹುದು. ಗೌರವವೆಂದರೆ ಏನೆಂದು ನಮ್ಮ ಮನೆಗಳಲ್ಲಿ ಯಾರಿಗೂ ಕಲಿಸಬೇಕಿಲ್ಲ: ಕಾಲಿನ ಮಟ್ಟದಲ್ಲಿ ಇಡುವುದಿಲ್ಲ, ಮದ್ಯಮಾಂಸದ ಮೇಜಿನ ಮೇಲೆ ಇಡುವುದಿಲ್ಲ, ಬತ್ತಲೆಯನ್ನು ನಗೆಗೆ ಬಿಡುವುದಿಲ್ಲ. ತಲೆಯನ್ನು ಮಾತ್ರ ಮಾಡಿಸುವುದಿಲ್ಲ ಎಂಬುದನ್ನೂ ನಾನು ಇದಕ್ಕೆ ಸೇರಿಸುತ್ತೇನೆ. ಕಾಯೋತ್ಸರ್ಗದಲ್ಲಿ ಕಾಯವೇ ಇಲ್ಲದಿದ್ದರೆ ಹೇಗೆ?

ಇಂಥ ಹೊಸ ಬಿಂಬ ಮಾಡುವವರು ಇದ್ದಾರೆಯೇ ಎಂದರೆ, ಇದ್ದಾರೆ. ಧರ್ಮಸ್ಥಳದ 39 ಅಡಿಯ ಬಾಹುಬಲಿಯನ್ನು ಕಾರ್ಕಳದಲ್ಲಿ ಕಡೆದ ರೆಂಜಾಳ ಗೋಪಾಲ ಶೆಣೈ ಇಪ್ಪತ್ತನೆಯ ಶತಮಾನದಲ್ಲಿದ್ದವರೇ. ಮಾಲೂರು ತಾಲ್ಲೂಕಿನ ಶಿವಾರಪಟ್ಟಣದಲ್ಲಿ ಕಲ್ಲು, ಲೋಹ ಎರಡರಲ್ಲೂ ವಿಗ್ರಹ ಮಾಡುವ ಮನೆಗಳಿವೆ. ತೆಲಂಗಾಣದಲ್ಲಿ ಪೆಂಬರ್ತಿಯ ಹಿತ್ತಾಳೆಯವರಿದ್ದಾರೆ, ಜಹೀರಾಬಾದಿಗೆ ತೀರ ಹತ್ತಿರದಲ್ಲಿ ಬೀದರಿನ ಬಿದರಿ ಕುಶಲಕರ್ಮಿಗಳಿದ್ದಾರೆ. ತಾಂಡೂರಿನ ಹಾಸುಗಲ್ಲು ದೇಶದ ತುಂಬ ಮನೆಗಳ ನೆಲಕ್ಕೆ ಹೋಗುತ್ತದೆ. ಪದರಪದರವಾಗಿ ಏಳುವ ಆ ಕಲ್ಲು ದುಂಡುಶಿಲ್ಪಕ್ಕೆ ಬಾರದು, ಆದರೆ ಕಲ್ಲು ಬಿಡಿಸುವ, ನುಣುಪು ಮಾಡುವ ಕೈಗಳು ಇಲ್ಲಿ ಬೇಕಾದಷ್ಟಿವೆ. ಅತ್ತಿಮಬ್ಬೆ ಮಾಡಿದ್ದು ಇದನ್ನೇ: ಹಳೆಯದನ್ನು ಕೊಳ್ಳಲಿಲ್ಲ, ಅಕ್ಕಸಾಲಿಗರಿಗೆ ಕೆಲಸ ಕೊಟ್ಟಳು. ಮಳಖೇಡದ ಕಂಚಿನ ಚೈತ್ಯವನ್ನೋ ಪಟ್ಟಂಚೆರುವಿನ ಬಾಹುಬಲಿಯನ್ನೋ ಮಾದರಿಯಾಗಿ ಹಿಡಿದು, ಹನ್ನೊಂದು ಅಂಗುಲದೊಳಗೆ, ಪೀಠದ ಮೇಲೆ ಮಾಡಿಸಿದವರ, ಮಾಡಿದವರ ಹೆಸರನ್ನೂ ಇಸವಿಯನ್ನೂ ಕನ್ನಡದಲ್ಲಿ ಕೆತ್ತಿಸಿ ಮನೆಗೆ ತರುವವನು ಒಂದು ಜೀವಂತ ಕಸುಬಿಗೆ ಗಿರಾಕಿಯಾಗುತ್ತಾನೆ. ಹಳೆಯ ಶಿಲೆಯ ಕೆಲಸವಾದರೆ ಇಲ್ಲಿಯ ಶಾಲೆ ಕಾಲೇಜುಗಳಿಂದಲೇ ಶುರುವಾಗಬಹುದು. ಯಾಲಾಲ್, ತಾಂಡೂರು, ಜಹೀರಾಬಾದ್, ನಾರಾಯಣಖೇಡ ಸುತ್ತಿನ ಪ್ರತಿ ಹಳ್ಳಿಯ ಬಿಡಿಬಿಂಬಕ್ಕೆ ನಾಲ್ಕು ದಿಕ್ಕಿನ ಚಿತ್ರ, ಎತ್ತರ, ಅಗಲ, ಪೀಠದ ಅಕ್ಷರಗಳ ಅಚ್ಚು, ಈಗ ಊರವರು ಕರೆಯುವ ಹೆಸರು, ಇಷ್ಟನ್ನು ಬರೆದು ಒಂದು ಪ್ರತಿ ಪಂಚಾಯತಿಯಲ್ಲಿ, ಒಂದು ಹೈದರಾಬಾದಿನ ಪುರಾತತ್ತ್ವ ಇಲಾಖೆಗೆ, ಇನ್ನೊಂದು ಗಡಿಯಾಚೆ ಕಲಬುರಗಿಯ ವಿಶ್ವವಿದ್ಯಾಲಯಕ್ಕೆ ಕಳಿಸಬೇಕು. ಕನ್ನಡ ಓದಬಲ್ಲವರು ಇಲ್ಲಿ ಇರುವಾಗಲೇ ಇದು ಆಗಬೇಕು, ಏಕೆಂದರೆ ಆ ಪೀಠಗಳ ಮೇಲಿರುವುದು ಹಳಗನ್ನಡ.